ಇಪ್ಪತ್ತಮೂರು ಸಲ ಕೇಳಿದವನು

ರಾತ್ರಿ ಹನ್ನೊಂದೂವರೆ. ನಮ್ಮ ಕಪಾಟಕ್ಕ ಆಫೀಸು ಮುಗಿಸಿ ನಡೆದು ಬರ್ತಾ ಇದ್ದಳು. ಒಬ್ಬಳೇ.

ದೀಪ ಸಣ್ಣದು ಮಾಡಿದರೆ ಸಾಕು, ಪೂರ್ತಿ ಆರಿಸಬೇಡಿ. ಇದು ಯಾರೋ ಯಾರಿಗೋ ಹೇಳಿ, ಅವರಿಂದ ನನ್ನ ಕಿವಿಗೆ ಬಿದ್ದಿದ್ದಲ್ಲ. ಕಪಾಟಕ್ಕ ಅಂದರೆ ನಮ್ಮ ದೊಡ್ಡಮ್ಮನ ಮಗಳು. ನನಗಿಂತ ಮೂರು ವರ್ಷಕ್ಕೆ ದೊಡ್ಡೋಳು. ಅರ್ಧ ಅವಳ ಬಾಯಿಂದ ಕೇಳಿದ್ದು, ಇನ್ನರ್ಧ ಪಕ್ಕದಲ್ಲಿ ಕೂತು ಕಂಡಿದ್ದು.

ಬಸ್ಸಿಳಿದು ಮನೆಗೆ ಬರೋ ದಾರಿಯಲ್ಲಿ ನೀರಿನ ಪಂಪಿನ ಮನೆ ಇದೆ. ಅದರ ಹಿಂದೆ ಒಂದು ಹಾಳು ಬಾವಿ. ಯಾರೂ ಬೀಳದಿರಲಿ ಅಂತ ಮೇಲೆ ಕಬ್ಬಿಣದ ಜಾಲರಿ ಹಾಕಿದ್ದಾರೆ. ಹಗಲು ಹೊತ್ತು ಬೆಕ್ಕುಗಳು ಅದರ ಮೇಲೆ ಮಲಗಿರ್ತವೆ. ಹೆದರೋ ಅಂಥದ್ದೇನೂ ಅಲ್ಲಿರಲಿಲ್ಲ.

ಅವತ್ತು ಬಾವಿ ಹತ್ತಿರ ಬಂದಾಗ ಒಂದು ಶಬ್ದ.

ಟಕ್... ಟಕ್... ಟಕ್.

ನೀರು ತೊಟ್ಟಿಕ್ಕಿದ ಹಾಗಲ್ಲ. ಗಾಜಿನ ಮೇಲೆ ಉಗುರು ಬಡಿದ ಹಾಗೆ. ಫೋನಿನಲ್ಲಿ ಏನೋ ತೆರೆಯದೇ ಹೋದಾಗ ನಾವು ಒತ್ತಿದ್ದನ್ನೇ ಮತ್ತೆ ಮತ್ತೆ ಒತ್ತುತ್ತೀವಲ್ಲ, ಹಾಗೆ.

ಬಾವಿಕಟ್ಟೆ ಮೇಲೆ ಒಬ್ಬ ಕೂತಿದ್ದ. ಬೆನ್ನು ಈ ಕಡೆಗೆ. ತಗ್ಗಿಸಿದ ತಲೆ. ಕೆಳಗಿನಿಂದ ನೀಲಿ ಬೆಳಕು ಗಲ್ಲಕ್ಕೆ ಬಿದ್ದಿತ್ತು. ಒಂದು ಕಾಲು ಮಡಚಿದ್ದ, ಇನ್ನೊಂದು ಕಾಲು ಮರದ ತುಂಡಿನ ಹಾಗೆ ನೆಟ್ಟಗೆ ಚಾಚಿದ್ದ. ಆ ಕಾಲಿಗೆ ಮೊಣಕಾಲಿನ ಕೆಳಗೆ ಬಿಗಿಯಾಗಿ ಒಂದು ಟವೆಲ್ ಕಟ್ಟಿತ್ತು.

ಪೆಟ್ಟಾಗಿರಬೇಕು ಅಂದುಕೊಂಡಳು ಅಕ್ಕ. ಮೆಲ್ಲಗೆ ಕೇಳಿದಳು.

"ಏನಾಯ್ತು...?"

ಅವನು ತಿರುಗಲಿಲ್ಲ.

"ತೆರೀತಾನೇ ಇಲ್ಲ."

"ಏನು?"

ಟಕ್. ಟಕ್.

"ಯಾವ ಕಡೆ ಹೋಗ್ಲಿ?"

ಅಷ್ಟೇ. ಕತ್ತಲಲ್ಲಿ ಯಾರೋ ಕೂತಿದ್ದಾನೆ ಅಂತ ಅವಳು ಹೆದರಿದ್ದಲ್ಲ. ಅವನು ಯಾರು ಅಂತ ಗೊತ್ತಾಗಿ ಹೆದರಿದ್ದು. ಓಡಿದಳು. ಹಿಂದೆ ಜಾಲರಿ ಝಣ್ ಅಂತು, ಯಾರೋ ಅದರ ಮೇಲಿಂದ ಎದ್ದ ಹಾಗೆ. ಹೆಜ್ಜೆ ಸಪ್ಪಳ ಮಾತ್ರ ಇಲ್ಲ...

ಬೆಳಿಗ್ಗೆ ದೊಡ್ಡಮ್ಮ ನನಗೆ ಫೋನ್ ಮಾಡಿದರು. "ಬೇಗ ಬಾರೇ. ಮೈ ಕೆಂಡದ ಹಾಗೆ ಸುಡ್ತಾ ಇದೆ. ಏನಾಯ್ತೇ ಅಂದ್ರೆ ಗೋಡೆ ಕಡೆ ತಿರುಗಿಕೊಳ್ತಾಳೆ. ನಿನ್ನ ಹತ್ತಿರ ಬಾಯಿ ಬಿಟ್ಟರೂ ಬಿಟ್ಟಾಳು."

ನಾನು ಬಟ್ಟೆ ಹೊಲಿಯೋಳು. ಕಂಪ್ಯೂಟರ್ ಅಂದರೆ ನನಗೆ ಅಮಾವಾಸ್ಯೆ ಕತ್ತಲು. ಹೊಲಿಗೆ ಮೆಷಿನ್ನಿಗೆ ಮುಸುಕು ಹಾಕಿ ಹೊರಟೆ. ಅಕ್ಕ ಎರಡು ಹೊದಿಕೆ ಹೊದ್ದು ನಡುಗ್ತಾ ಇದ್ದಳು. ದೊಡ್ಡಮ್ಮ ಅಡುಗೆಮನೆಗೆ ಹೋದ ಮೇಲೆ ನನ್ನ ಕೈ ಹಿಡಿದುಕೊಂಡು ಪಿಸುಗುಟ್ಟಿದಳು.

"ಅವನನ್ನ ಕೊಂದಿದ್ದು ನಾನು ಕಣೇ."

ಇರುವೆ ಸಾಲು ಕಂಡರೂ ದಾಟಿ ಹೋಗೋ ಹೆಂಗಸು ಅವಳು.

ಅವಳನ್ನ ಕಪಾಟಕ್ಕ ಅಂತ ಕರೆಯೋದು ಯಾಕೆ ಗೊತ್ತಾ? ಚಿಕ್ಕವಳಿದ್ದಾಗಿಂದ ಪ್ರತಿಯೊಂದಕ್ಕೂ ಒಂದು ಖಾನೆ ಬೇಕು ಅವಳಿಗೆ. ಸೂಜಿಗೊಂದು ಡಬ್ಬಿ, ಗುಂಡಿಗೊಂದು ಡಬ್ಬಿ, ಖಾಲಿ ಡಬ್ಬಿಗಳಿಗೊಂದು ಡಬ್ಬಿ. ದೊಡ್ಡಮ್ಮ ನಗಾಡೋರು, "ಇವಳ ಮದುವೆ ಆಗೋನು ಮೊದಲು ತನ್ನ ಖಾನೆ ಯಾವುದು ಅಂತ ಕೇಳಿಕೊಂಡು ಬರಬೇಕು" ಅಂತ. ದೊಡ್ಡವಳಾದ ಮೇಲೆ ಸಿಕ್ಕ ಕೆಲಸವೂ ಅದೇ. ಆರೋಗ್ಯ ಇಲಾಖೆಯ ಒಂದು ವೆಬ್‌ಸೈಟ್ ನೋಡಿಕೊಳ್ಳೋದು. ಹಾವು ಕಚ್ಚಿದರೆ ಕೊಡೋ ಇಂಜೆಕ್ಷನ್ ಇದೆಯಲ್ಲ, ಅದು ಎಲ್ಲಾ ಕಡೆ ಇರಲ್ಲ. ಸುತ್ತಲಿನ ಏಳು ಆಸ್ಪತ್ರೆಗಳಲ್ಲಿ ಇವತ್ತು ಯಾವುದರಲ್ಲಿ ಎಷ್ಟು ಸೀಸೆ ಇದೆ ಅಂತ ಆ ಸೈಟು ತೋರಿಸುತ್ತೆ. ನಿಮ್ಮ ಫೋನ್ ನಂಬರ್ ಹಾಕಿ ಒತ್ತಿದರೆ ಸಾಕು, ಪಟ್ಟಿ ಬರುತ್ತೆ.

ಯಾವ ಸೈಟಾದರೂ, ಯಾರು ಯಾವಾಗ ಬಂದರು, ಏನು ಕೇಳಿದರು, ಸಿಕ್ಕಿತಾ ಇಲ್ಲವಾ ಅಂತ ಸರ್ವರ್ ಒಂದೊಂದು ಸಾಲು ಬರೆದಿಡುತ್ತಂತೆ. ಅದಕ್ಕೆ ಲಾಗ್ ಅಂತಾರೆ. ಎಲ್ಲರೂ ಅದನ್ನ ಒಂದು ಸಾದಾ ಫೈಲಿಗೆ ಸುರೀತಾರೆ. ನಮ್ಮಕ್ಕನಿಗೆ ಅದು ಹಿಡಿಸಲಿಲ್ಲ. ಲಾಗನ್ನೂ ಡೇಟಾಬೇಸಿನೊಳಗೆ ಹಾಕ್ತೀನಿ ಅಂದಳು. ಒಂದು ಟೇಬಲ್ಲಿನಲ್ಲಿ ಫೋನುಗಳು, ಒಂದೊಂದಕ್ಕೂ ಒಂದು ಕ್ರಮಸಂಖ್ಯೆ. ಇನ್ನೊಂದು ಟೇಬಲ್ಲಿನಲ್ಲಿ ಭೇಟಿಗಳು. ಈ ಭೇಟಿ ಆ ಫೋನಿನದು ಅಂತ ಸಂಖ್ಯೆಯಿಂದ ಎರಡಕ್ಕೂ ಗಂಟು.

ಅವಳ ಆಫೀಸಿನಲ್ಲಿ ಒಬ್ಬರು ಹಿರಿಯರಿದ್ದರು, ಎಲ್ಲರೂ ಮೇಷ್ಟ್ರು ಅಂತ ಕರೆಯೋದು. ಅವರು ಬೇಡ ಅಂದರಂತೆ. "ಬಾಗಿಲಲ್ಲಿ ಬಂದು ಹೋದವರ ಪಟ್ಟೀನ ಔಷಧದ ಕಪಾಟಿನಲ್ಲೇ ಯಾಕಮ್ಮ ಇಡ್ತೀಯ? ಫೈಲಿಗೆ ಬರೀತಾ ಹೋಗಲಿ ಬಿಡು."

"ಸಾರ್, ಫೈಲು ಅಂದ್ರೆ ಗೋಣಿಚೀಲ. ತುಂಬಬಹುದು, ಬೇಕಾದಾಗ ಬೇಕಾದ್ದು ಸಿಗಲ್ಲ."

"ಸಿಗದಿದ್ರೆ ಬೇಡ. ಒಳಗೆ ಬರೋರಿಗೆ ಅಡ್ಡ ಆಗಬಾರದು, ಅಷ್ಟೇ."

ಅಕ್ಕ ನಕ್ಕು ಸುಮ್ಮನಾದಳು. ತನಗೆ ತಿಳಿದ ಹಾಗೇ ಮಾಡಿದಳು.

ಅದರಲ್ಲಿ ಒಂದು ಎಡವಟ್ಟಿತ್ತು. ಭೇಟಿಗಳ ಆ ಟೇಬಲ್ಲಿಗೆ, ಅಂದರೆ ಭೇಟಿ ಪುಸ್ತಕಕ್ಕೆ, ಸಾಲು ಬಿದ್ದ ಮೇಲೇ ಔಷಧದ ಪಟ್ಟಿ ತೆರೆಯೋದು. ಬಾಗಿಲಲ್ಲಿ ಹೆಸರು ಬರೆಸದೆ ಒಳಗೆ ಬಿಡಲ್ಲ, ಹಾಗೆ. ಎರಡು ವರ್ಷ ಏನೂ ತೊಂದರೆ ಆಗಲಿಲ್ಲ. ಪುಸ್ತಕ ಬೆಳೀತಾ ಬೆಳೀತಾ ಕೋಟಿ ಸಾಲು ದಾಟಿತು.

ಆ ದಿನ... ಮಾರನೇ ಬೆಳಿಗ್ಗೆ ಸಾಹೇಬರ ಮುಂದೆ ಅವಳು ಒಂದು ಚಿತ್ರ ತೋರಿಸಬೇಕಿತ್ತು. ಯಾವ ತಿಂಗಳು, ಯಾವ ಹೊತ್ತು, ಎಷ್ಟು ಜನ ಬಂದರು ಅಂತ. ಮನೆಯಿಂದಲೇ ಕೂತು ಆ ಕೋಟಿ ಸಾಲನ್ನೂ ಎಣಿಸಿ ಹೊಸದಾಗಿ ಜೋಡಿಸೋದಕ್ಕೆ ಹಚ್ಚಿದಳು. ಹಚ್ಚಿದಾಗ ರಾತ್ರಿ ಒಂದೂವರೆ. ಇನ್ನು ಹೊತ್ತಾಗುತ್ತೆ ಅಂತ ಹೋಗಿ ಮಲಗಿದಳು. ಜೋಡಿಸ್ತಾ ಇರುವಷ್ಟು ಹೊತ್ತೂ ಭೇಟಿ ಪುಸ್ತಕಕ್ಕೆ ಬೀಗ. ಹೊಸ ಸಾಲು ಬರೆಯೋ ಹಾಗಿಲ್ಲ. ಬರೆಯದೆ ಪಟ್ಟಿ ತೆರೆಯೋ ಹಾಗಿಲ್ಲ.

ಬೀಗ ಬಿಟ್ಟಿದ್ದು ಮೂರು ಗಂಟೆಗೆ.

ಆ ಒಂದೂವರೆ ಗಂಟೆಯಲ್ಲಿ, ಊರಾಚೆ ಹೆಂಚಿನ ಕಾರ್ಖಾನೆಯ ರಾತ್ರಿ ಕಾವಲುಗಾರನಿಗೆ ಹಾವು ಕಚ್ಚಿತು. ಅಲ್ಲಿ ಅವನು ಒಬ್ಬನೇ. ಆಂಬುಲೆನ್ಸಿಗೆ ಫೋನ್ ಮಾಡಿದ. ಮುಕ್ಕಾಲು ಗಂಟೆ ಆಗುತ್ತೆ ಅಂದರು. ಟವೆಲ್ ಕಟ್ಟಿಕೊಂಡು ರಸ್ತೆಗೆ ಬಂದು ಒಂದು ಲಾರಿಗೆ ಕೈ ಅಡ್ಡ ಹಾಕಿದ. ಮುಂದೆ ಕವಲು ದಾರಿ. ಎಡಕ್ಕೆ ಹೋದರೆ ಸಣ್ಣ ಆಸ್ಪತ್ರೆ, ಬಲಕ್ಕೆ ದೊಡ್ಡ ಆಸ್ಪತ್ರೆ. ಎಡಗಡೆಯದರಲ್ಲಿ ಹದಿನಾಲ್ಕು ಸೀಸೆ ಇಂಜೆಕ್ಷನ್ ಇತ್ತು. ಬಲಗಡೆ ಸಂಜೆಯೇ ಮುಗಿದಿತ್ತು. ಅದೆಲ್ಲ ನಮ್ಮಕ್ಕನ ಡೇಟಾಬೇಸಿನಲ್ಲಿ ರಾತ್ರಿಯಿಡೀ ಸರಿಯಾಗೇ ಇತ್ತು ನೋಡಿ.

ಅವನು ಬಲಕ್ಕೆ ಹೋದ. ಅಲ್ಲಿಂದ ವಾಪಸ್ ಕಳಿಸಿದರು. ದಾರಿಯಲ್ಲೇ ಪ್ರಾಣ ಹೋಯ್ತು.

ಬೆಳಿಗ್ಗೆ ಫೋನಿನಲ್ಲಿ ಸುದ್ದಿ ಓದೋ ಹೊತ್ತಿಗೆ ಅಕ್ಕ ಆಫೀಸಿನಲ್ಲಿದ್ದಳು. ಸಿಗದೇ ಹೋದ ಭೇಟಿಗಳನ್ನ ಸರ್ವರ್ ಬೇರೆ ಒಂದು ಫೈಲಿನಲ್ಲಿ ಗೀಚಿಡುತ್ತಂತೆ. ದಿನಾ ಬೆಳಿಗ್ಗೆ ಅದನ್ನ ಟೇಬಲ್ಲಿಗೆ ತುಂಬಿ ಆ ಫೈಲು ಖಾಲಿ ಮಾಡೋದು ಅವಳದೇ ಕೆಲಸ. ತುಂಬಿ ನೋಡಿದರೆ... ಒಂದೇ ಫೋನು. ಒಂದು ಐವತ್ತೆರಡರಿಂದ ಎರಡು ಹತ್ತರವರೆಗೆ. ಇಪ್ಪತ್ತಮೂರು ಸಲ. ಇಪ್ಪತ್ತಮೂರು ಸಲವೂ ಉತ್ತರದ ಖಾನೆಯಲ್ಲಿ 'ಸಿಗಲಿಲ್ಲ'.

ಎರಡು ದಿನ ಬಿಟ್ಟು ಇಲಾಖೆಯಿಂದ ಕಾಗದ ಬಂತು. ಈ ಫೋನ್ ನಂಬರಿನವರು ಆ ರಾತ್ರಿ ನಿಮ್ಮ ಸೈಟು ನೋಡಿದ್ದರಾ?

"ಕಾಗದ ನನ್ನ ಮೇಜಿಗೇ ಬಂತು ಕಣೇ," ಅಂದಳು ಅಕ್ಕ. "ಸಾಹೇಬರು ಬಾಗಿಲಲ್ಲಿ ನಿಂತು, ನೋಡಿದ್ನಾ ಅವನು ಅಂತ ಕೇಳಿದ್ರು. ನಾನು... ಇರಿ ಸಾರ್, ನೋಡಿ ಹೇಳ್ತೀನಿ ಅಂದೆ. ಅವರು ಆ ಕಡೆ ಹೋದರು. ಫೋನುಗಳ ಟೇಬಲ್ಲಿನಲ್ಲಿ ಅವನ ಸಾಲು ಅಳಿಸಿದೆ. ಫೋನು ಅಳಿಸಿದರೆ ಅದಕ್ಕೆ ಗಂಟು ಹಾಕಿದ ಭೇಟಿಗಳೂ ಅಳಿಸಿಹೋಗೋ ಹಾಗೆ ನಾನೇ ಮಾಡಿಟ್ಟಿದ್ದೆ. ಒಂದು ಸಾಲು ಅಳಿಸಿದೆ, ಇಪ್ಪತ್ತನಾಲ್ಕು ಹೋಯ್ತು. ಇಲ್ಲ ಸಾರ್, ನೋಡಿರಲಿಲ್ಲ ಅಂತ ಬರೆದುಕೊಟ್ಟೆ."

"ಅದಕ್ಕೆ ಅವರು ಏನಂದ್ರು?"

"ಅದೇ ವರದಿಗೆ ಹೋಯ್ತು. 'ಮೃತರು ಮಾಹಿತಿಯನ್ನು ನೋಡಿರಲಿಲ್ಲ.' ಅಂದ್ರೆ ತಪ್ಪು ಅವನದೇ ಅಂತ."

ಹೊದಿಕೆ ಜಾರಿತ್ತು, ಮತ್ತೆ ಹೊದಿಸಿದೆ.

"ಮುಗೀಲಿಲ್ಲ," ಅಂದಳು. "ಒಂದು ವಾರ ಆದ ಮೇಲೆ ಶುರುವಾಯ್ತು. ಬೆಳಿಗ್ಗೆ ಹೋಗಿ ನೋಡ್ತೀನಿ, ಅದೇ ಹೊತ್ತಿನ ಇಪ್ಪತ್ತಮೂರು ಸಾಲು. ಅಳಿಸಿದೆ. ಮಾರನೇ ದಿನ ಮತ್ತೆ. ದಿನಾ ಎಲ್ಲರಿಗಿಂತ ಮೊದಲು ಹೋಗಿ ಅಳಿಸ್ತೀನಿ. ರಾತ್ರಿ ಎಲ್ಲರೂ ಹೋದ ಮೇಲೂ ಕೂತಿರ್ತೀನಿ. ಮನೆಗೆ ಬಂದು ಕಣ್ಣು ಮುಚ್ಚೋಕೆ ಆಗಲ್ಲ... ನಿನ್ನೆ ಬಾವಿ ಹತ್ತಿರ ಬಂದೇಬಿಟ್ಟ."

ಜ್ವರದ ತಲೆಯಲ್ಲಿ ಏನೇನೋ ಅಂತಾಳೆ ಅಂತ ನನಗನ್ನಿಸಿತು. ನೇರವಾಗಿ ಹಾಗೆ ಹೇಳೋದು ಬೇಡ ಅಂತ, "ಸರಿ, ನಡಿ. ನನಗೂ ತೋರಿಸು" ಅಂದೆ.

ಎರಡು ದಿನಕ್ಕೆ ಜ್ವರ ಇಳೀತು. ಮೂರನೇ ರಾತ್ರಿ ಹೋದೆವು. ಗೇಟಿನವನು ಇವಳ ಮುಖ ನೋಡಿ ಸುಮ್ಮನೆ ಬಿಟ್ಟ, ತಂಗಿ ಜೊತೆಗೆ ಬಂದಿದ್ದಾಳೆ ಅಂದಿದ್ದಕ್ಕೆ ನನ್ನನ್ನೂ ಬಿಟ್ಟ. ಮೂರನೇ ಮಹಡಿ. ಉದ್ದನೆ ಕೋಣೆ, ಸಾಲಾಗಿ ಮೇಜುಗಳು, ಕುರ್ಚಿ ಬೆನ್ನಿಗೆ ಯಾರೋ ಮರೆತು ಹೋದ ಸ್ವೆಟರು. ಗೋಡೆಯಾಚೆ ಯಂತ್ರಗಳ ಫ್ಯಾನು ಗುಂಯ್ ಅಂತ ಒಂದೇ ಸ್ವರದಲ್ಲಿ. ಅಕ್ಕನ ಮೇಜಿನ ಮೇಲೆ ಎರಡು ಪರದೆ. ಒಂದು ಉರೀತಾ ಇತ್ತು. ಇನ್ನೊಂದು ಕೆಟ್ಟು ತಿಂಗಳಾಗಿದೆ ಅಂದಳು, ತಂತಿಯನ್ನೂ ಕಿತ್ತಿಟ್ಟಿದ್ದರು.

ಟೀ ತಂದಿದ್ದೆ ಫ್ಲಾಸ್ಕಿನಲ್ಲಿ. ಯಾರೂ ಕುಡೀಲಿಲ್ಲ.

ಒಂದೂ ನಲವತ್ತು. ಅಕ್ಕ ನನ್ನ ಎರಡೂ ಕೈ ಹಿಡಿದುಕೊಂಡಳು. ಇದನ್ನ ನೆನಪಿಟ್ಟುಕೊಳ್ಳಿ, ಅವಳ ಕೈ ಎರಡೂ ನನ್ನ ಕೈಯಲ್ಲಿದ್ದವು. ಕೀಲಿಮಣೆ ಯಾರೂ ಮುಟ್ಟಿಲ್ಲ.

ಒಂದು ಐವತ್ತೆರಡು.

ಟಕ್.

ಉರಿಯೋ ಪರದೆಯಲ್ಲಿ ಒಂದು ಸಾಲು ಬಂತು. ಶಬ್ದ ಅಲ್ಲಿಂದ ಬರಲಿಲ್ಲ. ಪಕ್ಕದ್ದು... ಆ ಕೆಟ್ಟ ಪರದೆ. ಅದರ ಗಾಜಿನಿಂದ. ಒಳಗಿನಿಂದ.

ಟಕ್. ಇನ್ನೊಂದು ಸಾಲು.

"ಫೋನಿನ ಖಾನೆ ನೋಡು," ಅಂದಳು ಅಕ್ಕ, ಉಸಿರಿನಲ್ಲೇ. "ನಾಲ್ಕು ಲಕ್ಷದ ಹದಿನೇಳು ಸಾವಿರದ ಇನ್ನೂರ ಆರು. ಅವನದೇ ಕ್ರಮಸಂಖ್ಯೆ."

"ನೋಡಿದೆ."

ನನ್ನ ಕೈ ಬಿಡಿಸಿಕೊಂಡು ಏನೋ ಒತ್ತಿದಳು. ಫೋನುಗಳ ಟೇಬಲ್ ಬಂತು. ಇನ್ನೂರ ಐದು ಇತ್ತು. ಅದರ ಕೆಳಗೆ ಇನ್ನೂರ ಏಳು. ನಡುವೆ ಆರು ಇರಲಿಲ್ಲ.

"ಇಲ್ಲದ ಫೋನಿನ ಹೆಸರಲ್ಲಿ ಭೇಟಿ ಬರೆಯೋದಕ್ಕೆ ಇದು ಬಿಡೋದೇ ಇಲ್ಲ ಕಣೇ. ನಾನೇ ಕೂತು ಬರೆದರೂ ತಳ್ಳಿಹಾಕುತ್ತೆ. ಮೇಷ್ಟ್ರನ್ನ ಸುಮ್ಮನೆ ಕೇಳಿ ನೋಡಿದೆ. ಸಾಧ್ಯಾನೇ ಇಲ್ಲ ಅಂದ್ರು."

ಟಕ್. ಟಕ್. ಟಕ್. ಒಂದರ ಕೆಳಗೊಂದು. ನಾನು ಉತ್ತರದ ಖಾನೆ ಓದ್ತಾ ಇದ್ದೆ. ಸಿಕ್ಕಿತು. ಸಿಕ್ಕಿತು. ಸಿಕ್ಕಿತು. ಈಗ ಸೈಟಿಗೆ ಯಾವ ಬೀಗವೂ ಇಲ್ಲವಲ್ಲ.

"ಅಕ್ಕಾ, ಈಗ ಅವನಿಗೆ ಉತ್ತರ ಸಿಗ್ತಾ ಇದೆ. ಇನ್ನೂ ಯಾಕೆ ಕೇಳ್ತಾನೆ?"

ಅವಳು ಪರದೆಯ ಸಾಲುಗಳ ಮೇಲೆ ಬೆರಳಾಡಿಸಿದಳು.

"ದಾರಿ ಕೇಳ್ತಾ ಇಲ್ಲ," ಅಂದಳು. "ಕೇಳಿದ್ದೆ ಅಂತ ಬರೆಸ್ತಾ ಇದ್ದಾನೆ."

ಇಪ್ಪತ್ತಮೂರನೇದು ಬಂದ ಮೇಲೆ ಶಬ್ದ ನಿಂತಿತು. ಫ್ಯಾನಿನ ಗುಂಯ್ ಅನ್ನೋದೂ ನಿಂತಿತು ಅಂತ ನನ್ನ ನೆನಪು... ಅದನ್ನ ಮಾತ್ರ ಆಣೆ ಇಟ್ಟು ಹೇಳಲಾರೆ. ಅಕ್ಕ ಅಭ್ಯಾಸದಿಂದ ಆ ಸಾಲುಗಳನ್ನೆಲ್ಲ ಆರಿಸಿದಳು. ಬೆರಳು ಅಳಿಸೋ ಗುಂಡಿ ಮೇಲೆ ಬಂತು.

ಆ ಕೆಟ್ಟ ಪರದೆಯಿಂದ ಒಂದು ದನಿ. ಬಾಯಿ ಒಣಗಿದವನ ದನಿ.

"ನೋಡಿದ್ದೆ..."

ಅಷ್ಟೇ ಅಂದಿದ್ದು. ಸಿಟ್ಟಿರಲಿಲ್ಲ ಅದರಲ್ಲಿ. ಸಿಟ್ಟಿದ್ದಿದ್ದರೆ ನಾನು ಇಷ್ಟು ಹೆದರ್ತಿರಲಿಲ್ಲ. ತರಗತಿಯಲ್ಲಿ ತಪ್ಪು ಮಾಡದೆ ಬೈಗುಳ ತಿಂದ ಹುಡುಗ ಹೇಳೋ ಹಾಗೆ ಹೇಳಿದ. ಅಕ್ಕ ಬೆರಳು ಹಿಂದಕ್ಕೆ ತೆಗೆದುಕೊಂಡಳು. ಮೇಜಿನ ಮೇಲೆ ತಲೆ ಇಟ್ಟು ಬೆಳಕು ಹರಿಯೋವರೆಗೂ ಹಾಗೇ ಇದ್ದಳು.

ಬೆಳಿಗ್ಗೆ ಮುಖ ತೊಳೆದುಕೊಂಡು ಬಂದು, "ಅವನ ಹೆಂಡತಿ ಹತ್ತಿರ ಹೋಗಬೇಕು, ಬರ್ತೀಯಾ?" ಅಂದಳು.

ಹೆಂಚಿನ ಕಾರ್ಖಾನೆ ಹಿಂದೆ ಒಂದೇ ಕೋಣೆಯ ಮನೆಗಳ ಸಾಲು. ಆಕೆ ಅಂಗಳದಲ್ಲಿ ಕುಕ್ಕರುಗಾಲಲ್ಲಿ ಕೂತು ಹೆಂಚು ಆರಿಸ್ತಾ ಇದ್ದಳು. ಒಂದೊಂದನ್ನೂ ಎತ್ತಿ ಬೆರಳ ಗೆಣ್ಣಿನಿಂದ ತಟ್ಟೋದು, ಕಿವಿಗೊಟ್ಟು ಕೇಳೋದು. ಟಣ್ ಅಂದರೆ ಒಳ್ಳೇದು, ಬಲಕ್ಕೆ. ಟಪ್ ಅಂದರೆ ಒಳಗೆ ಬಿರುಕು, ಎಡಕ್ಕೆ. ನಾವು ನಿಂತಿದ್ದು ಕಂಡರೂ ಕೈ ನಿಲ್ಲಿಸಲಿಲ್ಲ.

"ಯಾರಮ್ಮಾ?"

ಅಕ್ಕ ನೆಲದ ಮೇಲೇ ಕೂತಳು. ಒಳ್ಳೆ ಸೀರೆ, ಹೆಂಚಿನ ಕೆಂಪು ಧೂಳು. ದಾರಿಯುದ್ದಕ್ಕೂ ಹೇಗೆ ಶುರು ಮಾಡಬೇಕು ಅಂತ ಜೋಡಿಸಿಕೊಂಡು ಬಂದಿದ್ದಳು, ಒಂದೂ ಬರಲಿಲ್ಲ.

"ನಿಮ್ಮ ಯಜಮಾನರು ಅವತ್ತು ರಾತ್ರಿ ನಮ್ಮ ಸೈಟು ನೋಡಿದ್ರು. ಒಂದು ಸಲ ಅಲ್ಲ, ಇಪ್ಪತ್ತಮೂರು ಸಲ. ತೆರೀಲಿಲ್ಲ. ತೆರೀದೇ ಇದ್ದಿದ್ದು ನನ್ನಿಂದ. ಅವರು ನೋಡಿದ್ದು ಯಾರಿಗೂ ಗೊತ್ತಾಗದ ಹಾಗೆ ಮಾಡಿದ್ದೂ ನಾನೇ."

ಟಣ್.

ಆ ಹೆಂಚನ್ನ ಆಕೆ ಬಲಕ್ಕೂ ಇಡಲಿಲ್ಲ, ಎಡಕ್ಕೂ ಇಡಲಿಲ್ಲ. ಮಡಿಲಲ್ಲಿ ಇಟ್ಟುಕೊಂಡಳು.

"ಕಾಗದ ಬಂದಿತ್ತು," ಅಂದಳು. "ನಮ್ಮ ಭಾವ ಓದಿ ಹೇಳಿದ್ರು. ನೋಡಿರಲಿಲ್ಲ ಅಂತ. ಎಲ್ಲರೂ ಅಂದ್ರು, ಕೈಯಲ್ಲಿ ಫೋನಿತ್ತು, ತಲೆಯಲ್ಲಿ ಬುದ್ಧಿ ಇರಲಿಲ್ಲ ಅಂತ. ಅವರು ಸೊಳ್ಳೆ ಬತ್ತಿ ಕೊಳ್ಳೋಕೆ ಹೋದರೂ ನಾಲ್ಕು ಜನರನ್ನ ಕೇಳೋರು. ಆದರೂ ನಾನು ನಂಬಿಬಿಟ್ಟೆ. ಫೋಟೋ ಮುಂದೆ ನಿಂತು ಬೈದೆ... ದಡ್ಡ ಅಂದೆ. ನನ್ನನ್ನ ಬಿಟ್ಟು ಹೋಗೋಕೆ ಇಷ್ಟು ದಡ್ಡತನ ಬೇಕಿತ್ತಾ ಅಂದೆ."

ಅಕ್ಕ ಅಳೋದಕ್ಕೆ ಶುರು ಮಾಡಿದಳು. ಆಕೆ ಅಳಲಿಲ್ಲ.

"ಆ ಫೋನು ಎಲ್ಲಿದೆ?" ಅಂತ ನಾನು ಕೇಳಿದೆ. ಕೇಳಬಾರದಿತ್ತೇನೋ, ತಡೆಯೋಕೆ ಆಗಲಿಲ್ಲ.

"ಪೊಲೀಸರು ಕೊಟ್ಟರು. ಗಾಜು ಒಡೆದಿದೆ. ಅವತ್ತಿಂದ ಆರಿಹೋಗಿದೆ, ಟ್ರಂಕಿನಲ್ಲಿಟ್ಟು ಬೀಗ ಹಾಕಿದೀನಿ."

ಆಮೇಲೆ ಅಕ್ಕನ ಕಡೆ ತಿರುಗಿದಳು. "ಇದನ್ನ ನನ್ನ ಹತ್ತಿರ ಹೇಳಿ ಹಗುರ ಆಗೋಕೆ ಬಂದಿದ್ದರೆ ಎದ್ದು ಹೋಗಿ. ಆ ಕಾಗದ ಬರೆದವರಿದ್ದಾರಲ್ಲ, ಅವರಿಗೆ ಹೇಳಿ. ಬರೆದುಕೊಡಿ. ಹೊಸ ಕಾಗದ ಬರಲಿ, ಭಾವ ಎಲ್ಲರ ಮುಂದೆ ಗಟ್ಟಿಯಾಗಿ ಓದಲಿ. ಕ್ಷಮಿಸಿದೀನಿ ಅನ್ನೋ ಮಾತು ಮಾತ್ರ ನನ್ನ ಬಾಯಲ್ಲಿ ಬರ್ತಾ ಇಲ್ಲಮ್ಮ. ಕಾಯಬೇಡಿ."

ನಾವು ಎದ್ದಾಗ ಹಿಂದಿನಿಂದ ಮತ್ತೆ ತಟ್ಟೋ ಶಬ್ದ ಶುರುವಾಯಿತು.

ಅದೇ ದಿನ ಅಕ್ಕ ಬರೆದುಕೊಟ್ಟಳು. ನಾಲ್ಕು ಪುಟ. ಏನನ್ನೂ ಮುಚ್ಚಿಡಲಿಲ್ಲ, ಮೇಷ್ಟ್ರು ಬೇಡ ಅಂದಿದ್ದನ್ನೂ ಸೇರಿಸಿದಳು. ಸಾಹೇಬರು ಬಾಗಿಲು ಹಾಕಿಕೊಂಡು ಹೇಳಿದರಂತೆ, "ಇದನ್ನ ಹರಿದುಹಾಕಿದ್ರೆ ನಿಮಗೂ ಒಳ್ಳೇದು, ನಮಗೂ ಒಳ್ಳೇದು. ಯೋಚನೆ ಮಾಡಿ." ಇವಳು, "ಯೋಚನೆ ಮಾಡಿದ್ದಾಯ್ತು ಸಾರ್, ಮೂರು ವಾರ ನಿದ್ದೆ ಇಲ್ಲದೆ" ಅಂದಳು. ಹದಿನೈದು ದಿನಕ್ಕೆ ವಿಚಾರಣೆ ಇಟ್ಟರು. ಕೆಲಸ ಹೋಯಿತು. ಹೊಸ ಕಾಗದ ಹೋಯಿತು ಹೆಂಚಿನ ಕಾರ್ಖಾನೆಗೆ, 'ಮೃತರು ಇಪ್ಪತ್ತಮೂರು ಬಾರಿ ಮಾಹಿತಿ ಕೋರಿದ್ದರು' ಅಂತ. ಲಾಗನ್ನ ಮೇಷ್ಟ್ರು ತಾವೇ ಸಾದಾ ಫೈಲಿಗೆ ಬದಲಾಯಿಸಿದರು. ಅಕ್ಕ ಬರೆದುಕೊಟ್ಟ ರಾತ್ರಿಯಿಂದ ಆ ಸಾಲುಗಳು ಬರಲಿಲ್ಲ ಅಂತ ಅವರೇ ಹೇಳಿದ್ದು.

ಅಕ್ಕನಿಗೆ ಹಗುರ ಆಯಿತಾ ಅಂತ ಕೇಳ್ತೀರಿ. ಇಲ್ಲ. ಈಗಲೂ ಯಾರಾದರೂ ದಾರಿ ಕೇಳಿದರೆ ಹೇಳಿ ಸುಮ್ಮನಾಗಲ್ಲ, ತಿರುವಿನ ತನಕ ಜೊತೆಗೆ ಹೋಗಿ ಬಿಟ್ಟು ಬರ್ತಾಳೆ.

ವಿಚಾರಣೆ ದಿನ ನಡೆದ ಒಂದು ಸಂಗತಿ ಉಳೀತು.

ಸಣ್ಣ ಕೋಣೆ. ಉದ್ದ ಮೇಜಿನ ಆ ಕಡೆ ಒಬ್ಬ ಅಧಿಕಾರಿ ಮೇಡಮ್ಮು, ಪಕ್ಕದಲ್ಲಿ ಬರೆದುಕೊಳ್ಳೋ ಗುಮಾಸ್ತ. ಈ ಕಡೆ ನಾವಿಬ್ಬರು. ಅವತ್ತು ಕಾವಲುಗಾರನನ್ನ ಹತ್ತಿಸಿಕೊಂಡ ಲಾರಿ ಡ್ರೈವರನ್ನೂ ಕರೆಸಿದ್ದರು. ವಯಸ್ಸಾದ ಮನುಷ್ಯ, ಮಿತವಾದ ಮಾತು. ಎಷ್ಟು ಹೊತ್ತಿಗೆ ಹತ್ತಿದ, ಎಲ್ಲಿ ಇಳಿದ, ಎಲ್ಲ ಹೇಳಿದ. ಕವಲಿನಲ್ಲಿ ಬಲಕ್ಕೆ ತಿರುಗಿಸು ಅಂದವರು ಯಾರು ಅಂತ ಮೇಡಮ್ಮು ಕೇಳಿದರು.

"ಯಾರೂ ಅನ್ನಲಿಲ್ಲ ಮೇಡಂ. ಆ ಮನುಷ್ಯ ಪಕ್ಕದಲ್ಲಿ ಕೂತಿದ್ದೋರನ್ನ ಕೇಳ್ತಾನೇ ಇದ್ದ, ಯಾವ ಕಡೆ, ಯಾವ ಕಡೆ ಅಂತ. ಅವರು ಒಂದು ಮಾತೂ ಆಡಲಿಲ್ಲ. ಕಾದು ಕಾದು ನಾನೇ ದೊಡ್ಡ ಆಸ್ಪತ್ರೆ ಕಡೆ ತಿರುಗಿಸಿದೆ."

"ಪಕ್ಕದಲ್ಲಿ? ಜೊತೆಗೆ ಯಾರಿದ್ದರು?"

ಡ್ರೈವರು ನಮ್ಮಕ್ಕನ ಕಡೆ ನೋಡಿದ. ಆಶ್ಚರ್ಯ ಅವನಿಗೇ ಆದ ಹಾಗಿತ್ತು, ಇವರು ಯಾಕೆ ಗೊತ್ತಿಲ್ಲದ ಹಾಗೆ ಕೇಳ್ತಾರೆ ಅಂತ.

"ಇವರೇ ಅಲ್ವಾ?"

ಗುಮಾಸ್ತನ ಪೆನ್ನು ನಿಂತಿತು. ಆ ರಾತ್ರಿ ಅಕ್ಕ ಮನೆಯಲ್ಲಿ ಮಲಗಿದ್ದಳು. ಪಕ್ಕದ ಮಂಚದಲ್ಲಿ ದೊಡ್ಡಮ್ಮ. ಬಾಗಿಲಿಗೆ ಒಳಗಿನಿಂದ ಚಿಲಕ. ಆ ಮಾತನ್ನ ಮೇಡಮ್ಮಿಗೂ ಹೇಳಿದೆವು. ಡ್ರೈವರು ವಾದ ಮಾಡಲಿಲ್ಲ. ಕೆಳಗೆ ಬಗ್ಗಿ ತನ್ನ ಚೀಲದಿಂದ ಪೇಪರು ಸುತ್ತಿದ ಏನನ್ನೋ ತೆಗೆದ.

"ಇಳಿಯೋ ಆತುರದಲ್ಲಿ ಬಿಟ್ಟು ಹೋಗಿದ್ದರು. ಸಿಕ್ಕಾಗ ಕೊಡೋಣ ಅಂತ ಇಟ್ಟುಕೊಂಡಿದ್ದೆ."

ಒಂದು ಕಾಲಿನ ಚಪ್ಪಲಿ. ಹೆಂಗಸರದು, ಕಂದು ಬಣ್ಣದ್ದು. ನಾಯಿ ಕಚ್ಚಿಕೊಂಡು ಹೋಗಿರಬೇಕು ಅಂತ ತಿಂಗಳಿಂದ ಅಕ್ಕ ಅದರ ಜೊತೆಯದನ್ನ ಬಾಗಿಲ ಹಿಂದೆ ಇಟ್ಟುಕೊಂಡು ಕಾಯ್ತಾ ಇದ್ದಳು.

ಅಂಥ ಚಪ್ಪಲಿ ಸಾವಿರ ಇರುತ್ತೆ ಅಂತೀರಿ. ಇರಲಿ. ಆದರೆ ಅದರ ಪಟ್ಟಿ ಕಿತ್ತುಹೋದಾಗ ಚಪ್ಪಲಿ ಹೊಲಿಯೋನು ಸಿಗಲಿಲ್ಲ ಅಂತ, ಮೆಷಿನ್ನಿನಲ್ಲಿ ಇದ್ದ ಹಸಿರು ದಾರದಲ್ಲೇ ಕೈಯಿಂದ ಹೊಲಿದುಕೊಟ್ಟೋಳು ನಾನು. ಎರಡೆಳೆ, ಅಡ್ಡ ಹೊಲಿಗೆ, ಕೊನೆಗೆ ಮೂರು ಗಂಟು. ಆ ಕೋಣೆಯಲ್ಲಿ ಕೈಗೆ ತಗೊಂಡು ತಿರುಗಿಸಿ ನೋಡಿದೆ. ನನ್ನ ಹೊಲಿಗೆ ನನಗೆ ಗೊತ್ತಾಗಲ್ವಾ?